ಬಾಲ ಬುಡು

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ನನ್ನದೊಂದು ಮುದ್ದೆ ಹೋಟೆಲಿದೆ. ಹೋಟೆಲಿನಲ್ಲಿ ಒಂದು ಟಿವಿ. ಆ ಟಿವಿಯಲ್ಲಿ ಹಾಕಿ ಮ್ಯಾಚು ಬಂದ ಸಂಜೆ ನನ್ನ ಸಾರಿಗೆ ಉಪ್ಪು ಜಾಸ್ತಿಯಾಗುತ್ತದೆ ಅಂತ ಗಂಡ ಹೇಳುತ್ತಾನೆ. ಜಾಸ್ತಿಯಾಗುವುದು ನಿಜ. ಆದರೆ ಅದಕ್ಕೆ ಕಾರಣ ಹಾಕಿಯಲ್ಲ, ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಹಗುರ.

ನಾವು ನೋಡುವುದು ಹೆಂಗಸರ ಲೀಗು. ನಮ್ಮ ದೇಶದವರನ್ನೂ ಹೊರದೇಶದವರನ್ನೂ ಸೇರಿಸಿ ಕಟ್ಟಿದ ವೃತ್ತಿಪರ ತಂಡಗಳು. ಅದರಲ್ಲಿ ಒಂದನ್ನು ನಮ್ಮ ಹೋಟೆಲಿನಲ್ಲಿ ಎಲ್ಲರೂ ‘ನಮ್ ಟೀಮು’ ಅನ್ನುತ್ತಾರೆ. ಯಾಕೆಂದರೆ ಆ ತಂಡದ ಅಸಿಸ್ಟೆಂಟ್ ಕೋಚು ಕೊರಟಗೆರೆಯವಳು. ಮಧುಗಿರಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಆಡಿದವಳು. ಇಲ್ಲದಿದ್ದರೆ ನಮ್ಮ ಕಡೆ ಹಾಕಿ ಯಾರಿಗೆ ಬೇಕಿತ್ತು? ಕ್ರಿಕೆಟ್ ಇಲ್ಲದ ದಿನ ಕಬಡ್ಡಿ, ಅದೂ ಇಲ್ಲದಿದ್ದರೆ ಸೀರಿಯಲ್ಲು, ಇಷ್ಟೇ ನಮ್ಮ ಟಿವಿ ಕಂಡದ್ದು.

ಅವಳನ್ನು ಟಿವಿಯಲ್ಲಿ ಮೊದಲು ಗುರುತು ಹಿಡಿದವಳೂ ನಾನೇ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಯಾರೋ ಚಾನೆಲ್ ಬದಲಾಯಿಸುತ್ತಾ ಹೋಗುವಾಗ ಆ ಮುಖ ಒಂದು ಕ್ಷಣ ಬಂತು, ನಾನು ‘ಅಯ್ಯೋ, ಇವ್ಳು ನಮ್ಮೋಳು ಕಣ್ರೀ’ ಅಂದುಬಿಟ್ಟೆ. ಕೈಯಾರೆ ಕರೆದು ಮಣೆ ಹಾಕಿದ ಹಾಗಾಯಿತು. ಅವತ್ತಿನಿಂದ ಕ್ರಿಕೆಟ್ ಹೋಯಿತು, ಕಬಡ್ಡಿ ಹೋಯಿತು, ಅವಳು ನನ್ನ ಹೋಟೆಲಿನಲ್ಲೇ ಸಂಸಾರ ಹೂಡಿದಳು. ಅವಳ ಮುಖ ತೆರೆಯ ಮೇಲೆ ಬಂದಾಗಲೆಲ್ಲ ಗಂಡ ನನ್ನ ಕಡೆ ನೋಡುತ್ತಾನೆ. ನೋಡಿ, ‘ನೋಡು, ಆಗ್ಲೇ ಮೂತಿ ತಿರುವ್ಬುಟ್ಟೆ’ ಅನ್ನುತ್ತಾನೆ.

ಮೂತಿ ತಿರುವುವ ಮಾತು ಬಂತಲ್ಲ, ಕಥೆ ಇರುವುದೇ ಅಲ್ಲಿ.

ಅವಳದು ಹಣೆತುಂಬ ವಿಭೂತಿ ಇಟ್ಟು ಅಂಗಡಿ ಬಾಗಿಲು ತೆಗೆಯುವ ಮನೆ. ಕೊರಟಗೆರೆ ಪೇಟೆಯಲ್ಲಿ ತಲೆತಲಾಂತರದಿಂದ ಬಟ್ಟೆ ವ್ಯಾಪಾರ. ಓದಲಿಕ್ಕೆ ಮಧುಗಿರಿಯ ಸೋದರಮಾವನ ಮನೆಯಲ್ಲಿದ್ದಳು. ನಮ್ಮದು ಕುರಿ ಮನೆ. ಅಪ್ಪ, ಚಿಕ್ಕಪ್ಪ, ಅಣ್ಣಂದಿರು ಎಲ್ಲರೂ ಮಂದೆಯ ಹಿಂದೆ ಹೋದವರೇ. ಅವಳ ಮನೆಯಲ್ಲಿ ‘ಬಿಡು’ ಅನ್ನುತ್ತಾರೆ, ನಮ್ಮ ಮನೆಯಲ್ಲಿ ‘ಬುಡು’. ನನ್ನ ಬಾಯಲ್ಲಿ ಬುಡು ಬಂದಾಗಲೆಲ್ಲ ಅವಳು ‘ಯಾವ ಬುಡ? ಹುಣಸೇಮರದ ಬುಡಾನಾ?’ ಅಂತ ಕೇಳಿ, ಎಲ್ಲರನ್ನೂ ನಗಿಸಿ, ಕೊನೆಗೆ ತಾನೂ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಗದೆ ಏನು ಮಾಡಲಿ, ಸ್ವಂತ ಹಾಕಿ ಸ್ಟಿಕ್ಕು ಇದ್ದದ್ದು ಅವಳ ಹತ್ತಿರ. ನನ್ನದು ಸ್ಕೂಲಿನದು, ತುದಿ ಸೀಳಿ ಸೈಕಲ್ ಟ್ಯೂಬು ಸುತ್ತಿದ್ದು.

ಆದರೆ ಓಟದಲ್ಲಿ ಅವಳು ನನ್ನ ಹತ್ತಿರಕ್ಕೂ ಬರುತ್ತಿರಲಿಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಕಂಡವರು ಈಗಲೂ ಇದ್ದಾರೆ. ಒಮ್ಮೆ ಪಿಟಿ ಮೇಷ್ಟ್ರು ನಮ್ಮನ್ನೆಲ್ಲ ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋಗಿ ಹತ್ತಿಸಿದರು. ಅವಳು ಏದುಸಿರು ಬಿಡುತ್ತಾ ಮೇಲೆ ಬರುವ ಹೊತ್ತಿಗೆ ನಾನು ಗವಿಯ ಹತ್ತಿರ ಕೈಮುಗಿದು, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು, ಕೈ ತೊಳೆದುಕೊಂಡಿದ್ದೆ. ಇವತ್ತು ಯಾವಳು ಬೆಟ್ಟದ ಮೇಲಿದ್ದಾಳೆ, ಯಾವಳು ಕೆಳಗೆ ಮುದ್ದೆ ಕೂಡಿಸುತ್ತಿದ್ದಾಳೆ ಅಂತ ಬೇರೆ ಹೇಳಬೇಕಾಗಿಲ್ಲ.

ಕುರಿ ಕಾಯುವ ಮನೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಬುದ್ಧಿ ಒಂದಿದೆ. ಮಂದೆಯಿಂದ ಒಂದು ಕುರಿ ತಪ್ಪಿಸಿಕೊಂಡು ಯಾರದೋ ಕಡಲೆಕಾಯಿ ಹೊಲದ ಕಡೆ ಓಡಿತು ಅನ್ನಿ. ಗೊತ್ತಿಲ್ಲದವರು ಅದರ ಹಿಂದೆ ಓಡುತ್ತಾರೆ. ಹಿಂದೆ ಓಡಿದಷ್ಟೂ ಅದು ಹೊಲದೊಳಕ್ಕೇ ನುಗ್ಗುತ್ತದೆ. ಗೊತ್ತಿರುವವರು ಅದನ್ನು ಬಿಟ್ಟು, ಪಕ್ಕದಿಂದ ಸುತ್ತು ಹಾಕಿ, ಮುಂದೆ ಹೋಗಿ ಅದರ ಮುಖಕ್ಕೆ ಅಡ್ಡ ನಿಲ್ಲುತ್ತಾರೆ. ಅಪ್ಪ ದೂರದ ಬಂಡೆಯ ಮೇಲಿಂದ ಇದನ್ನೇ ಕೂಗುತ್ತಿದ್ದ: ‘ಬಾಲ ಬುಡು, ಮೂತಿ ತಿರುವು.’

ಹಾಕಿಯಲ್ಲಿ ನಾನು ಬ್ಯಾಕು, ಅವಳು ಹಾಫು. ಒಂದು ಮ್ಯಾಚಿನಲ್ಲಿ ಎದುರಾಳಿ ಹುಡುಗಿಯೊಬ್ಬಳು ಚೆಂಡು ತಳ್ಳಿಕೊಂಡು ನಮ್ಮ ಗೋಲಿನ ಕಡೆ ಬರುತ್ತಿದ್ದಳು, ಇವಳು ಅವಳ ಬೆನ್ನ ಹಿಂದೆ ಬಿದ್ದು ಓಡುತ್ತಿದ್ದಳು. ನನಗೆ ಥೇಟ್ ಕಡಲೆಕಾಯಿ ಹೊಲವೇ ಕಂಡಿತು. ‘ಬಾಲ ಬುಡೇ, ಮೂತಿ ತಿರುವು’ ಅಂತ ಕಿರುಚಿದೆ. ಅವಳಿಗೆ ಅರ್ಥವಾಗುವ ಹೊತ್ತಿಗೆ ಗೋಲಾಗಿತ್ತು. ಆಮೇಲೆ ಮೈದಾನದ ಅಂಚಿನಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದೆ. ನಕ್ಕಳು. ಆದರೆ ಮುಂದಿನ ಮ್ಯಾಚಿನಲ್ಲಿ ಮಾಡಿದಳು. ವರ್ಷ ಮುಗಿಯುವುದರೊಳಗೆ ಇಡೀ ಟೀಮಿಗೆ ಅದನ್ನು ಕೂಗಿ ಆಡಿಸುವವಳು ಅವಳೇ ಆದಳು. ತನ್ನ ನಾಲಿಗೆಗೆ ತಕ್ಕ ಹಾಗೆ ‘ಬಾಲ ಬಿಡು’ ಅಂತ ತಿದ್ದಿಕೊಂಡಿದ್ದಳು.

ಸ್ಪೋರ್ಟ್ಸ್ ಹಾಸ್ಟೆಲಿನ ಆಯ್ಕೆಗೆ ನಮ್ಮಿಬ್ಬರನ್ನೂ ಕರೆದರು. ನಾನು ಬಾಯಿ ಮುಚ್ಚಿಕೊಂಡು ಓಡಿದೆ. ಅವಳು ಗಂಟಲು ಹರಿಯುವ ಹಾಗೆ ಕೂಗಿದಳು, ಎಲ್ಲರನ್ನೂ ಅತ್ತ ಇತ್ತ ನಿಲ್ಲಿಸಿದಳು. ಆಯ್ಕೆ ಮಾಡಲು ಬಂದವರಲ್ಲಿ ಒಬ್ಬರು ಪಕ್ಕದವರಿಗೆ ‘ಈ ಹುಡುಗಿಗೆ ಆಟ ಕಾಣುತ್ತೆ’ ಅಂದದ್ದು ನನ್ನ ಕಿವಿಗೇ ಬಿತ್ತು. ಕಂಡದ್ದು ನನ್ನ ಅಪ್ಪನಿಗೆ, ಅವಳಿಗಲ್ಲ. ಆದರೆ ಅಪ್ಪ ಬಂಡೆಯ ಮೇಲಿದ್ದ, ನಾನು ಬಾಯಿ ಮುಚ್ಚಿಕೊಂಡಿದ್ದೆ. ಅವಳು ಹಾಸ್ಟೆಲಿಗೆ ಹೋದಳು, ನನ್ನನ್ನು ಬಿಟ್ಟರು. ನನ್ನನ್ನು ಯಾರೂ ತಡೆದಿರಲಿಲ್ಲ, ಬಡತನ ಅಡ್ಡ ಬಂದಿರಲಿಲ್ಲ, ಮದುವೆ ಗೊತ್ತು ಮಾಡಿರಲಿಲ್ಲ. ಬೇರೆಯವರ ಮೇಲೆ ಹಾಕಲಿಕ್ಕೆ ಒಂದು ತಪ್ಪೂ ಇಲ್ಲದ್ದರಿಂದ ಆ ಕಿಚ್ಚು ನನ್ನ ಹೊಟ್ಟೆಯಲ್ಲೇ ಉಳಿಯಿತು.

ಈಗ ನಮ್ ಟೀಮಿನ ವಿಷಯ. ಈ ಸಲ ಅದು ಸೋಲುವುದನ್ನೇ ಕಸುಬು ಮಾಡಿಕೊಂಡಿತ್ತು. ಹೊರದೇಶದಿಂದ ಬಂದಿದ್ದ ಹೆಡ್ ಕೋಚು ಸೀಸನ್ ನಡುವೆಯೇ ಗಂಟುಮೂಟೆ ಕಟ್ಟಿ ಹೊರಟುಹೋದ. ಹೊಸಬರು ಸಿಗುವವರೆಗೆ ಅವಳೇ ಟೀಮು ನೋಡಿಕೊಳ್ಳುತ್ತಾಳೆ ಅಂತ ಸುದ್ದಿ ಬಂತು. ಅವತ್ತಿನಿಂದ ನನ್ನ ಹೋಟೆಲಿನಲ್ಲಿ ಊಟಕ್ಕಿಂತ ವಾದವೇ ಜಾಸ್ತಿಯಾಯಿತು.

ವಾದ ಮಾಡುವವರು ಮುಖ್ಯವಾಗಿ ಮೂರು ಜನ. ಒಬ್ಬರು ಪಕ್ಕದಲ್ಲೇ ಟೈರ್ ಅಂಗಡಿ ಇಟ್ಟಿರುವ ಸಿರಾದ ಸಾಹೇಬರು. ಇನ್ನೊಬ್ಬ ತಿರುಮಣಿಯವನು, ಮನೆಮಾತು ತೆಲುಗು. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು, ಈಗ ಅದೇ ಪಾರ್ಕಿನ ಕೆಲಸಗಾರರನ್ನು ವ್ಯಾನಿನಲ್ಲಿ ಕರೆದೊಯ್ದು ಸಂಜೆ ಮಧುಗಿರಿಗೆ ತಂದು ಬಿಡುತ್ತಾನೆ. ಬಿಟ್ಟ ಮೇಲೆ ನಮ್ಮಲ್ಲಿ ಉಂಡೇ ವಾಪಸ್ಸು ಹೋಗುವುದು. ಮೂರನೆಯವನು ನನ್ನ ಗಂಡ. ಅವನಿಗೆ ಹಾಕಿ ಗೊತ್ತಿಲ್ಲ. ಗೊತ್ತಿಲ್ಲದಿರುವುದು ವಾದಕ್ಕೆ ಯಾವತ್ತೂ ಅಡ್ಡಿಯಾಗಿಲ್ಲ.

‘ಬಿಳಿಯೋನೇ ಬೇಕು ಕಣ್ರೀ,’ ಅಂತ ಗಂಡ ಶುರು ಮಾಡುತ್ತಿದ್ದ. ‘ಅವ್ರ ತಾವ ಲ್ಯಾಪ್‌ಟಾಪ್ ಇರ್ತದೆ. ನಮ್ಮೋರ್ ತಾವ ಏನೈತೆ? ಸೀಟಿ ಐತೆ.’

‘ಬಿಲ್ಕುಲ್ ಬೇಡ,’ ಸಾಹೇಬರು ಅನ್ನುತ್ತಿದ್ದರು. ‘ಲ್ಯಾಪ್‌ಟಾಪಿನವನು ಹೋಗಿ ಆಯ್ತಲ್ಲ, ಟೀಮು ಖತಂ ಮಾಡಿ. ಪಂಜಾಬ್ ಕಡೆಯಿಂದ ಒಬ್ಬ ಹಳೇ ಆಟಗಾರನ್ನ ತನ್ನಿ. ಮೆಡಲ್ ಹಾಕ್ಕೊಂಡೋನು ಬೈದ್ರೆ ಅದಕ್ಕೊಂದು ಇಜ್ಜತ್ ಇರ್ತದೆ.’

‘ಏಮಿ ಸಾಹೇಬ್ರೇ ನೀವು,’ ವ್ಯಾನಿನವನು ಕೈಯಲ್ಲಿದ್ದ ತುತ್ತು ತಟ್ಟೆಯಲ್ಲಿಟ್ಟು ಏಳುತ್ತಿದ್ದ. ‘ಮನೇಲಿ ಬೆಣ್ಣೆ ಇಟ್ಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದ್ರಂತೆ. ನಮ್ ಕೊರಟಗೆರೆ ಅಕ್ಕ ಉಂದಿ ಕದಾ, ಇದಾಳಲ್ಲ! ಆಯಮ್ಮನ್ನೇ ಮಾಡ್ಬೇಕು.’

ಆಮೇಲೆ ಮೂವರೂ ಅಡಿಗೆ ಮನೆಯ ಕಿಟಕಿಯ ಕಡೆ ತಿರುಗುತ್ತಿದ್ದರು. ‘ನೀವೇ ಹೇಳಿ, ನೀವು ಜೊತೇಲಿ ಆಡ್ದೋರು. ಹೆಂಗೆ, ಮಾಡ್ಬಹುದಾ ಅವ್ರನ್ನ?’

‘ಇನ್ನೊಂದು ಮುದ್ದೆ ಬೇಕಾ?’ ಅಂತ ನಾನು ಕೇಳುತ್ತಿದ್ದೆ.

ನನ್ನ ಹೋಟೆಲು, ನನ್ನ ಟಿವಿ, ನನ್ನ ಮುದ್ದೆ. ಕೋಚಾಗಬೇಕಾದವಳು ಮಾತ್ರ ಅವಳು. ನಾಟಿ ಕೋಳಿ ಸಾರು ಮಾಡಿದ ದಿನವೂ ‘ಅವಳು ಸಣ್ಣವಳಿದ್ದಾಗ ಹೆಂಗಿದ್ಲು’ ಅಂತಲೇ ಕೇಳುತ್ತಾರೆ. ಸಾರು ಹೆಂಗಿದೆ ಅಂತ ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಅವಳ ಕೈಗೆ ಟೀಮು ಬಂದ ಮೇಲಿನ ಮೊದಲ ಮ್ಯಾಚಿಗೆ ಹೋಟೆಲು ತುಂಬಿತ್ತು. ನಾನು ಒಲೆ ಸಣ್ಣಗೆ ಮಾಡಿ ಬಾಗಿಲಲ್ಲಿ ನಿಂತಿದ್ದೆ. ಕೊನೆಯ ಹೊತ್ತಿನವರೆಗೂ ಎರಡೂ ಕಡೆ ಸಮ ಇತ್ತು. ಆಗ ಎದುರಾಳಿಯೊಬ್ಬಳು ಚೆಂಡು ಹಿಡಿದು ನುಗ್ಗಿದಳು. ನಮ್ಮ ಬ್ಯಾಕು ಒಬ್ಬ ಕೊಡಗಿನ ಹುಡುಗಿ. ಅವಳು ಹಿಂದಿನಿಂದ ಓಡುತ್ತಿದ್ದಳು. ಬೆಂಚಿನಿಂದ ಇವಳು ಎದ್ದು ಕೂಗಿದ್ದು ಮೈಕಿನಲ್ಲಿ ಚೊಕ್ಕವಾಗಿ ಕೇಳಿಸಿತು: ‘ಬಾಲ ಬುಡು...’ ಮುಂದಿನದು ಜನರ ಗಲಾಟೆಯಲ್ಲಿ ಮುಳುಗಿಹೋಯಿತು. ಕೊಡಗಿನ ಹುಡುಗಿ ಹಿಂದೆ ಓಡುವುದನ್ನು ಬಿಟ್ಟು, ಪಕ್ಕದಿಂದ ಸುತ್ತಿ ಬಂದಳು. ಒಂದು ಹೆಜ್ಜೆ ತಡವಾಯಿತು. ಗೋಲು.

ಆಮೇಲೆ ಸಾಹೇಬರು ನಿಧಾನವಾಗಿ ಕೇಳಿದರು, ‘ಏನಂದ್ರು ಅವ್ರು? ಬಾಲ್ ಬುಡು ಅಂದ್ರಾ?’

‘ಬಾಲ್ ಬುಡು ಅಂದ್ಲು,’ ಅಂದ ಗಂಡ. ‘ನಾನೂ ಕೇಳಿಸ್ಕೊಂಡೆ. ಬಾಲ್ ಬುಡು ಅಂದ್ಲು, ಆ ಹುಡ್ಗಿ ಬುಟ್ಬುಡ್ತು.’

‘ಹಾಕೀಲಿ ಬಾಲ್ ಬುಡು ಅನ್ನೋ ಕೋಚು! ಇನ್ನೇನು ಹಿಡ್ಕೊಬೇಕಂತೆ, ಸೆರಗಾ?’ ಅಂತ ಹಿಂದಿನ ಟೇಬಲ್ಲಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು.

ಮರುದಿನ ಬೆಳಿಗ್ಗೆ ಇಡ್ಲಿ ಹೊತ್ತಿಗೆ ಆ ತುಣುಕು ಎಲ್ಲರ ಮೊಬೈಲಿನಲ್ಲಿತ್ತು. ಯಾರೋ ಅದಕ್ಕೆ ತಮಟೆ ಸೇರಿಸಿದ್ದರು. ‘ಬಾಲ್ ಬುಡು, ಬಾಲ್ ಬುಡು’ ಅಂತ ಮೂರು ಸಲ ಬರುವ ಹಾಗೆ ಮಾಡಿದ್ದರು. ಬಸ್ಸಿನ ಕಂಡಕ್ಟರು ಇಳಿಯುವವರಿಗೆ ‘ಬಾಗ್ಲು ಬುಡು, ಬಾಲ್ ಬುಡು’ ಅನ್ನಲಿಕ್ಕೆ ಶುರು ಮಾಡಿದ. ಅವಳನ್ನೇ ಕೋಚು ಮಾಡಿ ಅಂದಿದ್ದ ವ್ಯಾನಿನವನು ತಲೆ ಬಗ್ಗಿಸಿಕೊಂಡು ಉಂಡು ಹೋಗುತ್ತಿದ್ದ.

ಅದು ಬಾಲ್ ಅಲ್ಲ, ಬಾಲ ಅಂತ ಆ ಹೋಟೆಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೇಳಲಿಲ್ಲ. ಹೇಳಬೇಕು ಅಂತ ಅನ್ನಿಸಲೂ ಇಲ್ಲ. ಒಳಗೊಳಗೇ ತಣ್ಣಗಾಯಿತು. ಆ ದಿನಗಳಲ್ಲಿ ನನ್ನ ಸಾರು ಬಹಳ ಚೆನ್ನಾಗಿತ್ತು, ಗಂಡನೇ ಹೇಳಿದ. ಆದರೆ ಒಂದು ಮಾತ್ರ ಕೆರೆಯುತ್ತಲೇ ಇತ್ತು. ಅವಳು ‘ಬಿಡು’ ಅಂದಿರಲಿಲ್ಲ. ‘ಬುಡು’ ಅಂದಿದ್ದಳು. ಮಾತನ್ನು ತೆಗೆದುಕೊಂಡು ಹೋದದ್ದು ಸಾಲದು ಅಂತ ನಾಲಿಗೆಯನ್ನೂ ಹೊತ್ತುಕೊಂಡು ಹೋದಳಲ್ಲ, ನಗುತ್ತಿದ್ದವಳು, ಅಂತ ಉರಿಯಿತು.

ಒಂದು ಸಂಜೆ ವ್ಯಾನಿನವನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೂಗಿಕೊಂಡು ಬಂದ. ‘ಸಾಹೇಬ್ರೇ, ಅದಿ ಬಾಲ್ ಕಾದು, ಬಾಲ್ ಅಲ್ಲ! ಬಾಲ ಅಂದ್ರೆ ತೋಕ, ತೋಕ!’ ಬಾಲಕ್ಕೆ ಅವನ ಮನೆಯ ತೆಲುಗಿನಲ್ಲಿ ತೋಕ ಅನ್ನುತ್ತಾರೆ. ಅವತ್ತು ವಳ್ಳೂರಿನ ಹತ್ತಿರ ಪ್ಯಾನೆಲ್ ಬೇಲಿಯ ಪಕ್ಕ ಕುರಿಯವನೊಬ್ಬ ತನ್ನ ಹೆಂಡತಿಗೆ ಕೂಗುತ್ತಿದ್ದನಂತೆ, ಬಾಲ ಬುಡು, ಮೂತಿ ತಿರುವು ಅಂತ. ಇವನು ವ್ಯಾನು ನಿಲ್ಲಿಸಿ, ಇಳಿದು, ಅರ್ಥ ಕೇಳಿಕೊಂಡು ಬಂದಿದ್ದ. ಟೇಬಲ್ಲಿನ ಮೇಲೆ ನೀರಿನ ಲೋಟವನ್ನು ಕುರಿ ಮಾಡಿ, ಉಪ್ಪಿನ ಬಟ್ಟಲನ್ನು ಬ್ಯಾಕು ಮಾಡಿ ಎಲ್ಲರಿಗೂ ತೋರಿಸಿದ.

ಸಾಹೇಬರು ಲೋಟ ನೋಡಿದರು, ಬಟ್ಟಲು ನೋಡಿದರು. ‘ಅರೇ ವಾ,’ ಅಂದರು. ‘ಇದು ದಿಮಾಗ್ ಅಂದ್ರೆ. ಬಟ್ಟೆ ಅಂಗ್ಡಿ ಮನೇಲಿ ಹುಟ್ಟಿ, ಕುರಿ ನೋಡಿ ಹಾಕಿ ಕಂಡ್ಹಿಡ್ದವ್ರೆ ನೋಡ್ರಿ.’

‘ಅದ್ಕೇ ಅನ್ನೋದು ಹುಟ್ಟು ಕೋಚು ಅಂತ,’ ಅಂದ ನನ್ನ ಗಂಡ. ಮೊನ್ನೆ ಸೆರಗಿನ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು.

ಎಷ್ಟು ನಕ್ಕರೂ ಸಹಿಸಿಕೊಂಡಿದ್ದೆ. ಹೊಗಳಿದ್ದನ್ನು ಸಹಿಸಲಾಗಲಿಲ್ಲ. ಮುದ್ದೆ ಕೂಡಿಸುವ ಕೋಲು ಕೈಯಲ್ಲಿರುವಾಗಲೇ ಹೊರಗೆ ಬಂದುಬಿಟ್ಟೆ. ‘ಯಾರ್ರೀ ಕಂಡ್ಹಿಡ್ದಿದ್ದು? ಅವ್ಳಾ? ಅವ್ಳಿಗೆ ಕುರೀಗೂ ಮೇಕೇಗೂ ವ್ಯತ್ಯಾಸ ಗೊತ್ತಿರ್ಲಿಲ್ಲ. ಅದು ನಂದು. ನಮ್ಮಪ್ಪಂದು. ನಾನ್ ಹೇಳ್ಕೊಟ್ಟಿದ್ದು ಅವ್ಳಿಗೆ.’ ಆಮೇಲೆ ನಿಲ್ಲಲಿಲ್ಲ. ಟೇಬಲ್ಲುಗಳನ್ನು ಪಕ್ಕಕ್ಕೆ ತಳ್ಳಿಸಿ, ಸಾಹೇಬರನ್ನು ಕುರಿ ಮಾಡಿ, ಮುದ್ದೆ ಕೋಲನ್ನೇ ಸ್ಟಿಕ್ಕು ಮಾಡಿಕೊಂಡು, ಎಲ್ಲಿಂದ ಸುತ್ತಬೇಕು, ಎಲ್ಲಿ ನಿಲ್ಲಬೇಕು, ಯಾವ ಭುಜ ಮುಂದೆ ಇರಬೇಕು, ಎಲ್ಲ ತೋರಿಸಿದೆ. ‘ಆ ಕೊಡಗಿನ ಹುಡ್ಗಿ ಮಾಡಿದ್ದು ಸರೀನೇ. ತಡ ಮಾಡಿದ್ಲು ಅಷ್ಟೆ. ಅವ್ಳು ಕೂಗಿದ್ದೂ ತಡ. ನಾನಾಗಿದ್ರೆ ಇನ್ನೂ ಮುಂಚೆ ಕೂಗಿರ್ತಿದ್ದೆ.’ ಕೋಲಿನಿಂದ ಹಿಟ್ಟು ಸಾಹೇಬರ ಅಂಗಿಗೆ ಸಿಡಿದಿತ್ತು. ಅವರು ಒರೆಸಿಕೊಳ್ಳದೆ ನಿಂತಿದ್ದರು. ವ್ಯಾನಿನವನು ಮೊಬೈಲು ಹಿಡಿದದ್ದನ್ನು ನಾನು ಗಮನಿಸಿರಲಿಲ್ಲ.

ಆ ವಿಡಿಯೋ ಮಧುಗಿರಿ ದಾಟಿ ಕೊರಟಗೆರೆಯ ಬಟ್ಟೆ ಅಂಗಡಿಗೆ ಹೋಗಿ, ಅಲ್ಲಿಂದ ಅವಳಿಗೆ ಹೋಯಿತು. ಮಾರನೇ ದಿನ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಬೋರ್ಡಿನ ಮೇಲಿರುವ ನಂಬರಿಗೆ ಫೋನು ಬಂತು. ಗಂಡ ಕಣ್ಣರಳಿಸಿಕೊಂಡು ನನ್ನ ಕೈಗೆ ಕೊಟ್ಟ.

‘ಕೋಲು ಹಿಡ್ಕೊಂಡು ಚೆನ್ನಾಗಿ ಕಾಣ್ತೀಯ,’ ಅಂದಳು. ಇಷ್ಟು ವರ್ಷಗಳ ಮೇಲೆ ಅದೇ ಮೊದಲ ಮಾತು.

‘ನೀನು ಬಿಡು ಅಂತಿದ್ದೋಳು,’ ಅಂದೆ. ‘ನನ್ನ ಬುಡು ಯಾಕ್ ತಗಂಡೆ?’

ಅವಳು ನಕ್ಕಳು, ಆ ಹಳೆಯ ನಗುವೇ. ‘ಬಿಡು ಅಂದ್ರೆ ಯಾರೂ ಓಡಲ್ಲ ಕಣೇ. ಎಷ್ಟು ಟೀಮಿಗೆ ಹೇಳಿ ನೋಡಿದೀನಿ. ಬುಡು ಅಂದ್ರೇನೇ ಕಾಲು ಏಳೋದು.’ ಆಮೇಲೆ, ‘ತಡವಾಗಿ ಕೂಗಿದೆ ಅಂದ್ಯಲ್ಲ, ಅದು ನಿಜ. ನನಗೂ ಹಾಗೇ ಅನ್ನಿಸ್ತು’ ಅಂದಳು. ಟೀಮಿನವರು ಇನ್ನೂ ಯಾರನ್ನು ಕೋಚು ಮಾಡುವುದು ಅಂತ ತೀರ್ಮಾನ ಮಾಡಿಲ್ಲ, ಆ ಬಾಲ್ ಬುಡು ತಮಾಷೆ ಅವರವರೆಗೂ ಹೋಗಿದೆ ಅಂದಳು. ‘ಆಗ್ಬೇಕು ಅಂತ ಆಸೆ ಐತೆ ಕಣೇ, ತುಂಬಾ’ ಅಂದಳು. ಐತೆ ಅನ್ನುವುದೂ ಅವಳ ಮನೆಯ ಮಾತಲ್ಲ.

ಆಗು ಅಂತ ಹೇಳಬಹುದಿತ್ತು. ‘ಊಟ ಆಯ್ತಾ?’ ಅಂತ ಕೇಳಿ ಫೋನಿಟ್ಟೆ.

ಆಗಲಿಲ್ಲ ಅವಳು. ಮುಂದಿನ ಮ್ಯಾಚಿಗೆ ಮೊದಲೇ ಇನ್ನೊಬ್ಬ ಹೊರದೇಶದವನನ್ನು ತಂದರು, ಲ್ಯಾಪ್‌ಟಾಪಿನವನೇ. ಗಂಡ ತಾನೇ ನೇಮಕ ಮಾಡಿದವನ ಹಾಗೆ ಎದೆಯುಬ್ಬಿಸಿ ಓಡಾಡಿದ. ಸುದ್ದಿ ಕೇಳಿದ ಕೂಡಲೇ ನನಗೆ ಬಂದದ್ದು ಸಂತೋಷ. ಸುಳ್ಳು ಯಾಕೆ ಬರೆಯಲಿ. ಅವಳನ್ನೂ ಒಬ್ಬರು ಬೇಡ ಅಂದರಲ್ಲ ಅಂತ. ಆದರೆ ಆ ಸಂತೋಷ ಅನ್ನ ಬಸಿಯುವಷ್ಟು ಹೊತ್ತೂ ಉಳಿಯಲಿಲ್ಲ. ಬೇಡ ಅಂದದ್ದು ಯಾವುದಕ್ಕೆ? ಬಾಲ ಬುಡು ಅಂದದ್ದಕ್ಕೆ. ಆ ಮಾತು ನನ್ನದು. ಅಂದರೆ ನನ್ನನ್ನೇ ಇನ್ನೊಂದು ಸಲ ಬಿಟ್ಟರು ಅನ್ನಿಸಿ ಮೈಯೆಲ್ಲ ಉರಿಯಿತು.

ಮ್ಯಾಚಿನ ದಿನ ಹೊಸ ಕೋಚು ಅವಳ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳು ಎರಡೂ ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡು, ತುಟಿ ಬಿಗಿಹಿಡಿದು ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಕೊಡಗಿನ ಹುಡುಗಿ ಮತ್ತೆ ಯಾರದೋ ಬೆನ್ನ ಹಿಂದೆ ಬಿದ್ದು ಓಡುತ್ತಿದ್ದಳು. ಬೆಂಚಿನಿಂದ ಒಂದು ಸೊಲ್ಲೂ ಇಲ್ಲ.

‘ಬಾಲ ಬುಡೇ!’ ಅಂತ ನಾನು ಟಿವಿಗೆ ಕೂಗಿದೆ. ‘ಮೂತಿ ತಿರುವು!’

ವ್ಯಾನಿನವನು ಎದ್ದು ಕೂಗಿದ. ಸಾಹೇಬರು ಕೂಗಿದರು. ಬಿಳಿಯನ ಕಡೆಯವನಾದ ನನ್ನ ಗಂಡನೂ ಕೂಗಿದ. ಮುದ್ದೆ ಉಣ್ಣುತ್ತಿದ್ದವರು ಏನು ಎತ್ತ ಅಂತ ಗೊತ್ತಿಲ್ಲದೆಯೇ ಸೇರಿಕೊಂಡರು. ಟಿವಿಗೆ ಕೂಗಿದರೆ ಅಲ್ಲಿ ಕೇಳಿಸುವುದಿಲ್ಲ ಅನ್ನುವಷ್ಟು ಬುದ್ಧಿ ನಮಗೂ ಇದೆ.

ಅಷ್ಟರಲ್ಲಿ ಅವಳು ಎದ್ದು ನಿಂತಳು. ಹೊಸ ಕೋಚು ಅವಳ ಕಡೆ ತಲೆಯೆತ್ತಿ ನೋಡಿದ. ಅವಳು ನೋಡಲಿಲ್ಲ. ಬಾಯಿ ತೆರೆದಳು. ನಮ್ಮ ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ. ಆದರೆ ತುಟಿ ಕಂಡಿತು. ಬಿಡು ಅನ್ನುವಾಗ ತುಟಿ ಮೊದಲು ಅಗಲವಾಗುತ್ತದೆ. ಬಾಲ ಮುಗಿದ ಮೇಲೆ ಅವಳದು ಅಗಲವಾಗಲಿಲ್ಲ, ಗುಂಡಗಾಯಿತು.

‘ನಂದು ಕಣೇ ಅದು,’ ಅಂದೆ ನಾನು. ‘ಇನ್ನೂ ಜೋರಾಗಿ ಅನ್ನು.’